ನೀರು ಏರಿ ಬಗ್ಗಡ ಆದಾಗ ಟ್ರೌಟ್ ಎಲ್ಲಿ ಹೋಗಿ ಕೂರುತ್ತದೆ?

ಮುಳುಗಿದ ಬೆಂಡು

ಮೂರು ವಾರದಿಂದ ಒಂದೇ ಕತೆ. ವಾರವಿಡೀ ಮಳೆ, ಶನಿವಾರ ಬಿಡುವು, ನಾನು ರಾಡು ಹೆಗಲಿಗೇರಿಸಿ ನದಿಗೆ ಹೋಗುವುದು, ನದಿ ಕೆಮ್ಮಣ್ಣು ಕಲಸಿದ ಹಾಗೆ ತುಂಬಿ ಹರಿಯುತ್ತಿರುವುದು. ತಿಳಿನೀರಿದ್ದಾಗ ನನಗೆ ಮೀನು ಕೊಡುವ ಮಡುಗಳು ನಾಲ್ಕೈದು ಇವೆ. ಅಲ್ಲೇ ನಿಂತು, ಅದೇ 16ನೇ ನಂಬರಿನ ನಿಂಫ್ (ನೀರೊಳಗಿನ ಹುಳುವಿನ ಹಾಗೆ ಕಟ್ಟಿದ ಸಣ್ಣ ಗಾಳ), ಅದೇ 5ಎಕ್ಸ್ ಟಿಪ್ಪೆಟ್ (ಗಾಳ ಕಟ್ಟುವ ತುದಿಯ ತೆಳು ದಾರ) ಕಟ್ಟಿ, ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಎಸೆದದ್ದೇ ಎಸೆದದ್ದು. ಮೂರು ಶನಿವಾರ ಸೇರಿಸಿದರೂ ಒಂದು ಕಡಿತ ಇಲ್ಲ. ಎರಡು ಸಲ ಎಲೆ ಸಿಕ್ಕಿತು, ಒಂದು ಸಲ ಪ್ಲಾಸ್ಟಿಕ್ ಚೀಲ.

ಜೊತೆಗೆ ಬರುವ ಗೆಳೆಯ ಹೇಳುತ್ತಾನೆ, ನೀರು ಕದಡಿದರೆ ಟ್ರೌಟ್ ಬಾಯಿ ಮುಚ್ಚಿಕೊಂಡು ಕಲ್ಲಿನ ಹಿಂದೆ ಕೂರುತ್ತದೆ, ತಿನ್ನುವುದೇ ಇಲ್ಲ, ಸುಮ್ನೆ ಮನೆಯಲ್ಲಿರು ಅಂತ. ನಿಜವಾ? ಅಥವಾ ನಾನೇ ಏನಾದರೂ ತಪ್ಪು ಮಾಡುತ್ತಿದ್ದೇನಾ?

ಹಳೇ ಗಾಳ

ನಿಮ್ಮ ಗೆಳೆಯ ಹೇಳಿದ್ದು ಕೆಲವು ದಿನಕ್ಕೆ ನಿಜ, ಎಲ್ಲ ದಿನಕ್ಕೂ ಅಲ್ಲ. ಬರೀ ಬಗ್ಗಡ ಅಂದರೆ ನಮಗೆ ಏನೂ ಗೊತ್ತಾಗುವುದಿಲ್ಲ. ಮೊದಲು ಮೂರು ವಿಷಯ ಹೇಳಿ. ನೀರು ಏರುತ್ತಿತ್ತಾ, ಇಳಿಯುತ್ತಿತ್ತಾ? ಎಷ್ಟು ಆಳದವರೆಗೆ ಕಾಣುತ್ತಿತ್ತು? ಎಷ್ಟು ತಣ್ಣಗಿತ್ತು?

ಎಷ್ಟು ಕಾಣುತ್ತದೆ ಅಂತ ಅಳೆಯುವುದು ಸುಲಭ. ದಡದ ಪಕ್ಕ ನೀರು ಸುಮ್ಮನೆ ನಿಂತ ಕಡೆ, ಕೈಗೆ ಏನಾದರೂ ಆಸರೆ ಇಟ್ಟುಕೊಂಡು, ಬೂಟಿನ ತುದಿಯನ್ನು ಮೆಲ್ಲಗೆ ಇಳಿಸಿ. ಬೂಟು ಎಲ್ಲಿ ಮಾಯವಾಗುತ್ತದೋ ಅದೇ ಲೆಕ್ಕ. ಇದೇನೂ ನಾನು ಕಂಡುಹಿಡಿದದ್ದಲ್ಲ. 1865ರಲ್ಲಿ ಆಂಜೆಲೊ ಸೆಕ್ಕಿ ಎಂಬ ಇಟಲಿಯ ಪಾದ್ರಿ, ನಕ್ಷತ್ರ ನೋಡುವ ವಿಜ್ಞಾನಿಯೂ ಹೌದು, ಹಡಗಿನಿಂದ ಬಿಳಿ ತಟ್ಟೆ ಇಳಿಬಿಟ್ಟು ಸಮುದ್ರ ಎಷ್ಟು ತಿಳಿಯಾಗಿದೆ ಅಂತ ನೋಡಿದ್ದರು. ಸರೋವರ ಅಳೆಯುವವರು ಇವತ್ತಿಗೂ ಸೆಕ್ಕಿ ತಟ್ಟೆ ಬಳಸುತ್ತಾರೆ. ನಮ್ಮದು ಸೆಕ್ಕಿ ಬೂಟು.

ಒಂದು ಗೇಣಿಗಿಂತ ಕಡಿಮೆ ಕಂಡರೆ ಕಷ್ಟದ ದಿನ. ಒಂದು ಮೊಳ ಕಂಡರೆ ಮೀನು ಸಿಗುತ್ತದೆ, ಕೆಲಸ ಮಾಡಬೇಕು ಅಷ್ಟೇ. ಒಂದೂವರೆ ಎರಡು ಮೊಳ ಕಾಣುತ್ತಾ ಕೆಂಪು ಹೋಗಿ ಹಸಿರು ಛಾಯೆ ಬಂದಿದ್ದರೆ ರಜೆ ಹಾಕಿಯಾದರೂ ಹೋಗಿ. ದೊಡ್ಡ ಬ್ರೌನ್ ಟ್ರೌಟ್ ಹಗಲು ಹೊತ್ತಲ್ಲಿ ಧೈರ್ಯ ಮಾಡಿ ಹೊರಗೆ ಬರುವುದು ಅಂಥ ನೀರಲ್ಲೇ.

ಇನ್ನು ಏರಿಳಿತ. ನೀರು ಏರಲು ಶುರುವಾದ ಹೊತ್ತಲ್ಲಿ ಮೀನು ಚೆನ್ನಾಗಿ ತಿನ್ನುತ್ತದೆ. ದಡದ ಮಣ್ಣು ಕುಸಿದು ಎರೆಹುಳು ನೀರಿಗೆ ಬೀಳುತ್ತವೆ, ತಳದ ಕಲ್ಲು ಅಲುಗಿ ಅದಕ್ಕೆ ಅಂಟಿಕೊಂಡಿದ್ದ ಹುಳುಗಳು ಕಿತ್ತು ತೇಲುತ್ತವೆ. ಆಮೇಲೆ ನೀರು ಭರ್ರನೆ ಏರುತ್ತಾ ಮರದ ತುಂಡು, ಕಸ ಕಡ್ಡಿ ಹೊತ್ತು ತರುತ್ತದಲ್ಲ, ಆಗ ಬಿಟ್ಟುಬಿಡಿ. ನೆರೆ ಮುಟ್ಟುವಷ್ಟು ಮುಟ್ಟಿ ಇಳಿಮುಖ ಆದ ಮೇಲೆ ಮತ್ತೆ ಹೋಗಬಹುದು. ನನಗೆ ಕೇಳಿದರೆ ಇಳಿಯುವ ನೀರೇ ವಾಸಿ, ಏರುವ ನೀರಲ್ಲಿ ಮೀನಿನ ಮೇಲೆ ಒಂದು ಕಣ್ಣು, ನದಿಯ ಮೇಲೆ ಒಂದು ಕಣ್ಣು ಇಡಬೇಕು, ಎರಡೂ ಸರಿಯಾಗಿ ಆಗುವುದಿಲ್ಲ.

ಥರ್ಮಾಮೀಟರ್ ಇಲ್ಲದಿದ್ದರೆ ಒಂದು ತಗೊಳ್ಳಿ. 10ರಿಂದ 16 ಡಿಗ್ರಿ ಸೆಲ್ಸಿಯಸ್ ಇದ್ದರೆ ಟ್ರೌಟ್‌ಗೆ ಹಸಿವು ಚೆನ್ನಾಗಿರುತ್ತದೆ. ಹಿಮ ಕರಗಿ ಬಂದ 4 ಡಿಗ್ರಿ ಬಗ್ಗಡಕ್ಕೂ ಬೇಸಿಗೆ ಮಳೆಯ 14 ಡಿಗ್ರಿ ಬಗ್ಗಡಕ್ಕೂ ಅಜಗಜಾಂತರ. ಮೊದಲನೆಯದರಲ್ಲಿ ನಿಮ್ಮ ಗೆಳೆಯನ ಮಾತು ಹೆಚ್ಚುಕಡಿಮೆ ಸರಿ.

ಮುಳುಗಿದ ಬೆಂಡು

ಧನ್ಯವಾದ ಸರ್. ಮೊದಲ ಶನಿವಾರ ಏರುತ್ತಿತ್ತು ಅನಿಸುತ್ತದೆ, ಉಳಿದೆರಡು ಸಲ ಇಳಿಯುತ್ತಿತ್ತು, ದಡದ ಹುಲ್ಲಿನ ಮೇಲೆ ಕೆಸರಿನ ಗೆರೆ ಇತ್ತು, ನೀರು ಅದಕ್ಕಿಂತ ಕೆಳಗಿತ್ತು. ಬೂಟು ನೋಡಲಿಲ್ಲ. ಯಾವಾಗಲೂ ನಾನು ಹತ್ತಿ ನಿಲ್ಲುವ ಕಲ್ಲು ಮುಳುಗಿಹೋಗಿತ್ತು. ಅದಕ್ಕೇ ದಡದಿಂದ ಮೊಣಕಾಲುದ್ದ ನೀರಿಗೆ ಇಳಿದು, ಅಲ್ಲಿಂದ ನಡುಮಡುವಿಗೆ ಎಸೆಯುತ್ತಿದ್ದೆ.

ತಂಗೂಸಿ

ಮಾರಾಯ್ರೆ, ನೀವು ನಿಂತದ್ದೇ ಮೀನಿನ ಮೇಲೆ!

ನಗಬೇಡಿ, ನಾನೂ ವರ್ಷಗಟ್ಟಲೆ ಇದನ್ನೇ ಮಾಡಿದ್ದೇನೆ. ನೀರಿನ ವೇಗ ಎರಡು ಪಟ್ಟಾದರೆ ಅದು ತಳ್ಳುವ ಬಲ ಎರಡಲ್ಲ, ನಾಲ್ಕು ಪಟ್ಟಾಗುತ್ತದೆ. ತಿಳಿನೀರಲ್ಲಿ ಮೀನು ಆರಾಮವಾಗಿ ನಿಲ್ಲುತ್ತಿದ್ದ ನಡುಮಡು ಈಗ ಅದಕ್ಕೆ ಓಟದ ಪಂದ್ಯ. ಅಲ್ಲಿ ನಿಂತು ಸಿಗುವ ಹುಳುವಿಗಿಂತ ಖರ್ಚಾಗುವ ಶಕ್ತಿಯೇ ಜಾಸ್ತಿ. ಹಾಗಾಗಿ ಅದು ಎರಡು ಕಡೆ ಹೋಗುತ್ತದೆ. ಒಂದು, ಕೆಳಗೆ, ತಳಕ್ಕೆ ಒತ್ತಿಕೊಂಡು, ಯಾಕೆಂದರೆ ಕಲ್ಲು ಮಣ್ಣಿಗೆ ಉಜ್ಜುವುದರಿಂದ ತಳದ ನೀರು ಮೇಲಿನದಕ್ಕಿಂತ ನಿಧಾನ. ಇನ್ನೊಂದು, ಬದಿಗೆ. ಹೆಚ್ಚಿನವು ಬದಿಗೇ ಬರುತ್ತವೆ ಅನ್ನುವುದು ನನ್ನ ಅನುಭವ. ನಿನ್ನೆಯವರೆಗೆ ಒಣ ಹುಲ್ಲಾಗಿದ್ದ ಜಾಗದಲ್ಲಿ ಇವತ್ತು ಎರಡು ಅಡಿ ನೀರಿದ್ದರೆ, ಆ ಹುಲ್ಲಿನ ಬುಡದಲ್ಲಿ ಟ್ರೌಟ್ ಇರುತ್ತದೆ. ಬಾಗಿದ ಕೊಂಬೆಯ ಕೆಳಗೆ, ಒಳತಿರುವಿನ ಮರಳಿನ ಮೇಲೆ, ದೊಡ್ಡ ಬಂಡೆಯ ಹಿಂದಷ್ಟೇ ಅಲ್ಲ, ಮುಂದೆಯೂ, ಅಲ್ಲಿ ನೀರು ಬಂಡೆಗೆ ಬಡಿದು ಒಂದು ಮೆತ್ತೆಯ ಹಾಗೆ ನಿಲ್ಲುತ್ತದೆ.

ಬಗ್ಗಡ ಅದಕ್ಕೆ ಮುಸುಕು ಕೂಡ. ಮೇಲಿನ ಹಕ್ಕಿಗೆ ಕಾಣುವುದಿಲ್ಲ, ನಿಮಗೂ ಕಾಣುವುದಿಲ್ಲ, ಹಾಗಾಗಿ ತಿಳಿನೀರಲ್ಲಿ ಯಾವತ್ತೂ ಬರದಷ್ಟು ತೆಳು ನೀರಿಗೆ ಬರುತ್ತದೆ. ನಾನು ಹಿಡಿದ ದೊಡ್ಡ ಬ್ರೌನ್‌ಗಳಲ್ಲಿ ಒಂದು, ನನ್ನ ಬೂಟಿನಿಂದ ಒಂದು ಮಾರು ದೂರದಲ್ಲಿತ್ತು. ಎಸೆದದ್ದೂ ಅಲ್ಲ, ರಾಡಿನ ತುದಿಯಿಂದ ಇಳಿಬಿಟ್ಟದ್ದು.

ಮುಂದಿನ ಸಲ ನೀರಿಗೆ ಇಳಿಯಲೇಬೇಡಿ. ದಡದಿಂದ ಎರಡು ಹೆಜ್ಜೆ ಹಿಂದೆಯೇ ನಿಂತು, ಕಾಲ ಬುಡದಿಂದ ಶುರುಮಾಡಿ ಹೊರಕ್ಕೆ ಹೋಗಿ. ಹತ್ತು ಅಡಿ ಆಚೆಯ ನೀರನ್ನು ಮರೆತುಬಿಡಿ. ಇಷ್ಟು ಮಾಡಿದರೆ ಯಾವ ಫ್ಲೈ (ಗರಿ, ದಾರ ಸುತ್ತಿ ಹುಳುವಿನ ಹಾಗೆ ಮಾಡಿದ ಗಾಳ) ಅನ್ನುವುದು ಆಮೇಲಿನ ಮಾತು.

ಹೊಸ ಮೀನು

ಪ್ರಶ್ನೆ ಬಾಲಿಶ ಅನಿಸಿದರೆ ಕ್ಷಮಿಸಿ. ಅಷ್ಟು ಕೆಸರಲ್ಲಿ ಮೀನಿಗೆ ಕಾಣುತ್ತದಾ? ನನಗೇ ನನ್ನ ಬೂಟು ಕಾಣದಿದ್ದರೆ ಅದಕ್ಕೆ ಒಂದು ಸಣ್ಣ ನಿಂಫ್ ಹೇಗೆ ಕಂಡೀತು?

ಕೆಸರಿನ ಲೆಕ್ಕ

ಬಾಲಿಶ ಅಲ್ಲ, ಇಡೀ ವಿಷಯವೇ ಇದು. ಬಗ್ಗಡವನ್ನು ಎನ್‌ಟಿಯು ಎಂಬ ಮಾನದಲ್ಲಿ ಅಳೆಯುತ್ತಾರೆ. ನೀರೊಳಗಿನ ಕಣಗಳು ಬೆಳಕನ್ನು ಎಷ್ಟು ಚದುರಿಸುತ್ತವೆ ಅನ್ನುವ ಲೆಕ್ಕ ಅದು. 1992ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ರೇನ್‌ಬೋ ಟ್ರೌಟ್ ತನ್ನ ಆಹಾರವನ್ನು ಎಷ್ಟು ದೂರದಿಂದ ಗುರುತಿಸುತ್ತದೆ ಅಂತ ನೋಡಿದರು. 4ರಿಂದ 6 ಎನ್‌ಟಿಯು ನೀರಲ್ಲಿ ಗುರುತಿಸುವ ದೂರವನ್ನು ನೂರು ಅಂತ ಇಟ್ಟುಕೊಂಡರೆ, 15 ಎನ್‌ಟಿಯುಗೆ ಅದು 80ಕ್ಕೆ ಇಳಿಯಿತು, 30 ಎನ್‌ಟಿಯುಗೆ 45ಕ್ಕೆ. ನೆರೆ ನೀರು 30 ಎನ್‌ಟಿಯು ದಾಟುವುದು ದೊಡ್ಡ ವಿಷಯವೇ ಅಲ್ಲ. ಆದರೆ ಅದೇ ಪ್ರಯೋಗದ ಇನ್ನೊಂದು ಮಾತು ನನಗೆ ಹೆಚ್ಚು ಇಷ್ಟ. ಒಮ್ಮೆ ಕಂಡ ಮೇಲೆ ಮೀನು ಬೆನ್ನಟ್ಟುವ ವೇಗ ಕಡಿಮೆ ಆಗಲಿಲ್ಲ. ಅಂದರೆ ಹಸಿವು ಹೋಗಿಲ್ಲ, ಮನಸ್ಸೂ ಹೋಗಿಲ್ಲ, ಕಿಟಕಿ ಮಾತ್ರ ಚಿಕ್ಕದಾಗಿದೆ.

ಬ್ರೂಕ್ ಟ್ರೌಟ್ ಮೇಲೆ ಮಾಡಿದ ಕೆಲಸದಲ್ಲಿ ಇನ್ನೊಂದು ವಿಷಯ ಹೊರಬಂತು. ತಿಳಿನೀರಲ್ಲಿ ಒಂದೇ ಕಡೆ ನಿಂತು ತೇಲಿಬಂದದ್ದನ್ನು ತಿನ್ನುವ ಮೀನು, ಬಗ್ಗಡ ಹೆಚ್ಚಾದಂತೆ ಸುತ್ತಾಡಿ ಹುಡುಕಿ ತಿನ್ನಲು ಶುರುಮಾಡುತ್ತದೆ. ಹೊಟ್ಟೆಗೆ ಹೋಗುವುದು ಹೆಚ್ಚು ಕಡಿಮೆ ಆಗದಿದ್ದರೂ ಹುಡುಕಾಟದ ಖರ್ಚಿನಿಂದ ಬೆಳವಣಿಗೆ ಕುಂಠಿತವಾಗುತ್ತದೆ. ಮುಳುಗಿದ ಬೆಂಡು ಅವರ ಗೆಳೆಯ ಹೇಳಿದ್ದಕ್ಕೆ ಇದು ಉತ್ತರ ಅನಿಸುತ್ತದೆ.

ಕಣ್ಣಿನ ಜೊತೆಗೆ ಪಕ್ಕೆಯ ಉದ್ದಕ್ಕೂ ಒಂದು ಗೆರೆ ಇದೆಯಲ್ಲ, ಪಾರ್ಶ್ವ ರೇಖೆ, ಅದರಿಂದ ನೀರಿನ ಅಲುಗಾಟ ಗೊತ್ತಾಗುತ್ತದೆ. ಆದರೆ ಅದು ಹತ್ತಿರಕ್ಕೆ ಮಾತ್ರ, ಮೀನಿನ ಮೈಯುದ್ದದ ಒಂದೆರಡು ಪಟ್ಟು ದೂರ. ಪಾರ್ಶ್ವ ರೇಖೆ ಇದೆ, ಎಲ್ಲಿ ಎಸೆದರೂ ಹುಡುಕಿಕೊಂಡು ಬರುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಗಾಳವನ್ನು ಅದರ ಮೂತಿಗೆ ತಲುಪಿಸುವ ಕೆಲಸ ನಮ್ಮದೇ.

ಹಾಗಾಗಿ ಒಂದು ಜಾಗಕ್ಕೆ ಎರಡು ಸಲ ಎಸೆದು ಮುಂದೆ ಹೋಗುವ ಅಭ್ಯಾಸ ಇಲ್ಲಿ ನಡೆಯುವುದಿಲ್ಲ. ಮೀನು ಇರಬಹುದು ಅನಿಸಿದ ಜಾಗಕ್ಕೆ ಹತ್ತು, ಹದಿನೈದು ಸಲ, ಪ್ರತಿ ಸಲ ಒಂದು ಗೇಣು ಆಚೀಚೆ.

ಎರೆಹುಳು ಪಕ್ಷ

ಇಷ್ಟೆಲ್ಲ ಲೆಕ್ಕ ಯಾಕೆ? ಎರೆಹುಳು ಕಟ್ಟಿ, ಎರಡು ಸೀಸದ ಗುಂಡು ಕಚ್ಚಿಸಿ, ಬದಿಯ ನಿಧಾನ ನೀರಲ್ಲಿ ಉರುಳಿಸಿ. ವಾಸನೆ ಇದೆ, ಅಲುಗಾಟ ಇದೆ, ನದಿಯೇ ಆವತ್ತು ಅದನ್ನು ಬಡಿಸುತ್ತಿದೆ. ನನ್ನಜ್ಜ ಮಾಡಿದ್ದೂ ಇದೇ. ಫ್ಲೈಯವರು ಮಾತ್ರ ಇದನ್ನು ಒಪ್ಪುವುದಿಲ್ಲ, ಆಮೇಲೆ ಅವರೇ ಕೆಂಪು ದಾರ ಸುತ್ತಿ ಸ್ಯಾನ್ ವಾನ್ ವರ್ಮ್ ಅಂತ ಹೆಸರಿಟ್ಟು ಎಸೆಯುತ್ತಾರೆ.

ಕಪ್ಪು ಗರಿ

ಹ್ಹಹ್ಹ, ಆ ಮಾತು ತಪ್ಪಲ್ಲ ಅಣ್ಣಾ. ಆ ಫ್ಲೈ ಹೆಸರು ಬಂದದ್ದು ನ್ಯೂ ಮೆಕ್ಸಿಕೋದ ಸ್ಯಾನ್ ವಾನ್ ನದಿಯಿಂದ, ಅಲ್ಲಿ ಅಣೆಕಟ್ಟಿನ ಕೆಳಗಿನ ತಳದ ಕೆಸರಲ್ಲಿ ನಿಜವಾಗಲೂ ಅಂಥ ಸಣ್ಣ ಕೆಂಪು ಹುಳುಗಳಿವೆ. ನಾಚಿಕೆ ಇಲ್ಲದೆ ನಾನೂ ಎಸೆಯುತ್ತೇನೆ.

ಆದರೆ ಒಂದು. ಎಷ್ಟೋ ಟ್ರೌಟ್ ನದಿಗಳಲ್ಲಿ ಜೀವಂತ ಹುಳು ಹಾಕುವಂತಿಲ್ಲ, ಕೆಲವು ಕಡೆ ಬರೀ ಫ್ಲೈ. ಬೋರ್ಡು ಓದಿಯೇ ಡಬ್ಬಿ ತೆಗೆಯಿರಿ. ಇನ್ನೊಂದು, ಹುಳುವನ್ನು ಮೀನು ಒಳಕ್ಕೆ ನುಂಗುತ್ತದೆ, ಗಾಳ ಗಂಟಲಿಗೆ ಹೋದ ಮೀನನ್ನು ಬಿಟ್ಟರೂ ಉಳಿಯುವುದು ಅನುಮಾನ. ಹಿಡಿದು ಬಿಡುವವರಾದರೆ ಹುಳು ಬೇಡ.

ನನ್ನ ಬಗ್ಗಡದ ಡಬ್ಬಿಯಲ್ಲಿ ಮುಕ್ಕಾಲು ಪಾಲು ಕಪ್ಪು ವೂಲಿ ಬಗ್ಗರ್. 1967ರಲ್ಲಿ ಪೆನ್ಸಿಲ್ವೇನಿಯಾದ ರಸಲ್ ಬ್ಲೆಸಿಂಗ್ ಕಟ್ಟಿದ ಫ್ಲೈ ಅದು. ಬಾಲದಲ್ಲಿ ಮರಬೂ ಎಂಬ ಮೆತ್ತನೆಯ ಗರಿ, ಮೈಸುತ್ತ ಕೋಳಿ ಗರಿ. ನೀರಲ್ಲಿ ಏನು ಅಂತ ಕೇಳಿದರೆ ಜಿಗಣೆ ಅನ್ನಬಹುದು, ಮರಿಮೀನು ಅನ್ನಬಹುದು, ದೊಡ್ಡ ಹುಳು ಅನ್ನಬಹುದು. ಮೀನು ಅಷ್ಟು ವಿಚಾರಣೆ ಮಾಡುವುದಿಲ್ಲ. 4 ಅಥವಾ 6ನೇ ನಂಬರು (ನಂಬರು ಕಮ್ಮಿಯಾದಷ್ಟೂ ಗಾಳ ದೊಡ್ಡದು), ತಲೆಗೆ ಭಾರದ ಮಣಿ. ನಿಮ್ಮ 16 ಎಲ್ಲಿ, ಇದೆಲ್ಲಿ!

ಎಳೆಯುವುದು ನಿಧಾನ. ತುಂಬಾ ನಿಧಾನ. ತಿಳಿನೀರಲ್ಲಿ ಸ್ಟ್ರೀಮರ್ (ಮರಿಮೀನಿನ ಹಾಗೆ ಎಳೆಯುವ ಇಂಥ ದೊಡ್ಡ ಫ್ಲೈ) ಎಳೆಯುವ ವೇಗದಲ್ಲಿ ಎಳೆದರೆ, ಮೀನಿಗೆ ಅಲುಗಾಟ ಗೊತ್ತಾಗಿ ತಿರುಗುವಷ್ಟರಲ್ಲಿ ಫ್ಲೈ ಕಿಟಕಿಯಿಂದ ಹೊರಗೆ ಹೋಗಿರುತ್ತದೆ. ನಾನು ಬದಿಯ ನಿಧಾನ ನೀರಿಗೆ ಬಿಟ್ಟು, ಒಂದು ಗೇಣು ಎಳೆದು, ಎರಡು ಎಣಿಸಿ, ಮತ್ತೆ ಒಂದು ಗೇಣು. ಎಷ್ಟೋ ಸಲ ನಿಂತಾಗಲೇ ಕಚ್ಚುತ್ತದೆ.

ಹೊಸ ಮೀನು

ಕಪ್ಪು ಯಾಕೆ? ಕತ್ತಲೆ ನೀರಲ್ಲಿ ಬಿಳಿ, ಬೆಳ್ಳಿ ಬಣ್ಣ ಚೆನ್ನಾಗಿ ಕಾಣುವುದಿಲ್ಲವಾ?

ಕಪ್ಪು ಗರಿ

ಸಂಜೆ ಬಾಗಿಲ ಬೆಳಕಿಗೆ ಅಡ್ಡ ನಿಂತ ಮನುಷ್ಯನನ್ನು ನೋಡಿ. ಅಂಗಿಯ ಬಣ್ಣ ಗೊತ್ತಾಗುವುದಿಲ್ಲ, ಆಕಾರ ಮಾತ್ರ ಖಡಕ್ಕಾಗಿ ಕಾಣುತ್ತದೆ. ಟ್ರೌಟ್ ಕೆಳಗಿಂದ ಮೇಲಕ್ಕೆ, ಬೆಳಕಿಗೆ ಎದುರಾಗಿ ನೋಡುತ್ತದೆ. ಬೆಳ್ಳಿ ಮಿನುಗಲು ಬೆಳಕು ಬೇಕು, ಆ ಬೆಳಕೇ ಅಲ್ಲಿಗೆ ಬರುತ್ತಿಲ್ಲ. ಒಂದು ಮೊಳ ಕಾಣುವ ನೀರಾದರೆ ಬೆಳ್ಳಿ, ಬಂಗಾರದ ಬಣ್ಣವೂ ಕೆಲಸ ಮಾಡುತ್ತವೆ.

ದಡದ ನೆರಳು

ಕೆಂಪು, ಕಿತ್ತಳೆ ಬೇಡ ಅಲ್ವಾ? ನೀರಲ್ಲಿ ಮೊದಲು ಮಾಯವಾಗುವ ಬಣ್ಣ ಕೆಂಪು ಅಂತ ಎಲ್ಲೋ ಓದಿದ ನೆನಪು.

ಕೆಸರಿನ ಲೆಕ್ಕ

ಅದು ತಿಳಿಯಾದ ಆಳ ಸಮುದ್ರದ ಮಾತು. ಅಲ್ಲಿ ಕೆಂಪು ಬೇಗ ಹೋಗುತ್ತದೆ, ನೀಲಿ ಕೊನೆಯವರೆಗೆ ಉಳಿಯುತ್ತದೆ. ಕೆಸರು ನದಿಯಲ್ಲಿ ಉಲ್ಟಾ. ಮಣ್ಣಿನ ಕಣಗಳೂ ಕೊಳೆತ ಎಲೆಯ ರಸವೂ ಮೊದಲು ನೀಲಿಯನ್ನು ತಿನ್ನುತ್ತವೆ, ಉಳಿಯುವುದು ಹಳದಿ, ಕಿತ್ತಳೆ, ಕೆಂಪಿನ ಕಡೆಯ ಬೆಳಕು. ಅದಕ್ಕೇ ನೀರೇ ಆ ಬಣ್ಣ ಕಾಣುವುದು. ಹಾಗಾಗಿ ಕಪ್ಪಿನ ಜೊತೆ ಸ್ವಲ್ಪ ಕಿತ್ತಳೆ, ಅಥವಾ ಹೊಳೆಯುವ ಹಳದಿ ಹಸಿರು ಸೇರಿಸಿದರೆ ನಷ್ಟ ಇಲ್ಲ. ನೀಲಿ, ನೇರಳೆ ಕೊಂಡಿದ್ದರೆ ಅದೂ ಕಪ್ಪಾಗಿಯೇ ಕಾಣುತ್ತದೆ, ಬಿಸಾಡಬೇಡಿ.

ತಿರುಗೋ ಎಲೆ

ಸ್ಪಿನ್ನರ್, ಅಂದರೆ ಎಳೆದಾಗ ಸುತ್ತುವ ಲೋಹದ ಎಲೆ ಇರುವ ಗಾಳ, ಅದರ ಬಗ್ಗೆ ಯಾರೂ ಹೇಳಲೇ ಇಲ್ಲ. ಎಲ್ಲರ ಹತ್ತಿರ ಫ್ಲೈ ರಾಡು ಇರುವುದಿಲ್ಲ. ಉದ್ದ ಕಿರಿದಾದ ಎಲೆಯ ಸ್ಪಿನ್ನರ್ ಮೈಗಂಟಿಕೊಂಡು ವೇಗವಾಗಿ ಸುತ್ತುತ್ತದೆ, ದುಂಡಗೆ ಅಗಲ ಎಲೆಯದ್ದು ಹೊರಕ್ಕೆ ಚಾಚಿಕೊಂಡು ನಿಧಾನ ಸುತ್ತುತ್ತದೆ. ಬಗ್ಗಡಕ್ಕೆ ಎರಡನೆಯದು. ಮೆಲ್ಲಗೆ ಎಳೆದರೂ ಸುತ್ತುತ್ತದೆ, ರಾಡಿನ ತುದಿಯಲ್ಲಿ ಆ ದಬ್ ದಬ್ ನಿಮ್ಮ ಕೈಗೇ ಗೊತ್ತಾಗುತ್ತದೆ. ಕೈಗೆ ಗೊತ್ತಾದರೆ ಮೀನಿಗೂ ಗೊತ್ತಾಗುತ್ತದೆ ಅನ್ನುವುದು ನನ್ನ ಲೆಕ್ಕ. ಮೆಪ್ಸ್ ಸ್ಪಿನ್ನರ್ 1938ರಿಂದ ಇದೆ, ಇನ್ನೂ ಮೀನು ಹಿಡಿಯುತ್ತಿದೆ. ದಡಕ್ಕೆ ಸಮಾನಾಂತರವಾಗಿ, ಮೇಲ್ಹರಿವಿನ ಕಡೆ ಎಸೆದು, ನೀರಿನ ಜೊತೆಗೇ ಕೆಳಕ್ಕೆ ತನ್ನಿ. ನದಿಗೆ ಅಡ್ಡ ಎಸೆದರೆ ಸೆಳವು ದಾರವನ್ನು ಬಿಲ್ಲಿನ ಹಾಗೆ ಬಗ್ಗಿಸಿ ಎಲ್ಲ ಕೆಡಿಸುತ್ತದೆ.

ಹಳೇ ಗಾಳ

ದಾರದ ಮಾತು ಬಂದದ್ದು ಒಳ್ಳೆಯದಾಯಿತು. ಮುಳುಗಿದ ಬೆಂಡು ಅವರೇ, 5ಎಕ್ಸ್ ಬಿಟ್ಟುಬಿಡಿ. ಎಕ್ಸ್ ಲೆಕ್ಕ ಏನೆಂದರೆ 0ಎಕ್ಸ್ ದಾರದ ದಪ್ಪ ಇಂಚಿನ ಸಾವಿರದಲ್ಲಿ 11 ಭಾಗ, ಒಂದೊಂದು ಎಕ್ಸ್ ಏರಿದಂತೆ ಒಂದೊಂದು ಭಾಗ ಕಮ್ಮಿ. ನಿಮ್ಮ 5ಎಕ್ಸ್ ಅಂದರೆ ಸುಮಾರು 0.15 ಮಿಲಿಮೀಟರ್. ಬಗ್ಗಡದಲ್ಲಿ ಮೀನಿಗೆ ದಾರ ಕಾಣುವುದಿಲ್ಲ, ಸೆಳವಿನ ಬಲ ಮಾತ್ರ ದಾರಕ್ಕೆ ಚೆನ್ನಾಗಿ ಗೊತ್ತಾಗುತ್ತದೆ. 0ಎಕ್ಸ್, 1ಎಕ್ಸ್ ಕಟ್ಟಿ. ಲೀಡರ್ (ಮುಖ್ಯ ದಾರಕ್ಕೂ ಫ್ಲೈಗೂ ನಡುವಿನ ದಾರ) ಒಂಬತ್ತು ಅಡಿ ಬೇಡ, ನಾಲ್ಕೈದು ಅಡಿ ಸಾಕು, ಇಲ್ಲದಿದ್ದರೆ ಭಾರದ ಫ್ಲೈಯನ್ನೂ ದಾರ ಮೇಲಕ್ಕೆ ಎತ್ತುತ್ತದೆ.

ಭಾರ ಜಾಸ್ತಿ ಹಾಕಿ. ಹಾಕಿದ ಮೇಲೆ ಇನ್ನೂ ಸ್ವಲ್ಪ ಹಾಕಿ. ಆಗಾಗ ತಳ ಮುಟ್ಟದಿದ್ದರೆ ಮೀನಿರುವ ಮಹಡಿಗೇ ನೀವು ಹೋಗಿಲ್ಲ. ಸೀಸಕ್ಕಿಂತ ಟಂಗ್‌ಸ್ಟನ್ ವಾಸಿ. ಸೀಸದ ಸಾಂದ್ರತೆ 11.3, ಟಂಗ್‌ಸ್ಟನ್ 19.3, ಅಷ್ಟೇ ಗಾತ್ರದ ಮಣಿ ತುಂಬಾ ಬೇಗ ಮುಳುಗುತ್ತದೆ. ಸೀಸ ನುಂಗಿ ಹಂಸಗಳು ಸಾಯುತ್ತವೆ ಅಂತ ಬ್ರಿಟನ್ನಿನಲ್ಲಿ 1987ರಲ್ಲೇ ಸಣ್ಣ ಸೀಸದ ಗುಂಡುಗಳನ್ನು ನಿಷೇಧಿಸಿದರು. ಎರೆಹುಳು ಪಕ್ಷದವರು ಇದನ್ನು ಸ್ವಲ್ಪ ಗಮನಿಸಬೇಕು.

ಎರೆಹುಳು ಪಕ್ಷ

ಗಮನಿಸಿದೆ. ಡಬ್ಬಿ ಖಾಲಿ ಆದ ಮೇಲೆ ಬದಲಾಯಿಸುತ್ತೇನೆ. (ಹೆಂಡತಿ ಓದಿ ನಗುತ್ತಿದ್ದಾಳೆ, ಆ ಡಬ್ಬಿ ಹತ್ತು ವರ್ಷದಿಂದ ಖಾಲಿ ಆಗಿಲ್ಲ.) ಸರಿ, ಈ ವಾರವೇ ಬದಲಾಯಿಸುತ್ತೇನೆ.

ಒದ್ದೆ ಜೇಬು

ಎಲ್ಲರೂ ಮೀನಿನ ಬಗ್ಗೆ ಬರೆದಿರಿ, ನಾನು ಮನುಷ್ಯರ ಬಗ್ಗೆ ಬರೆಯುತ್ತೇನೆ. ಮೊಣಕಾಲುದ್ದ ನೀರಿಗೆ ಇಳಿದೆ ಅಂತ ಮೇಲೆ ಓದಿದಾಗ ನನಗೆ ಹೊಟ್ಟೆ ತೊಳಸಿತು.

ಕೆಲವು ವರ್ಷದ ಹಿಂದೆ ನಾನೂ ಹಾಗೇ ಇಳಿದೆ. ನೀರು ತೊಡೆಗೂ ಬಂದಿರಲಿಲ್ಲ. ದಿನಾ ನಿಲ್ಲುವ ಜಾಗವೇ, ಕಣ್ಣು ಮುಚ್ಚಿ ಹೋಗುವಷ್ಟು ಪರಿಚಯ. ಆದರೆ ನೆರೆ ಬಂದು ಹೋದ ಮೇಲೆ ತಳ ಬದಲಾಗಿರುತ್ತದೆ ಅಂತ ತಲೆಗೆ ಹೊಳೆಯಲಿಲ್ಲ. ಮರಳು ಇದ್ದ ಕಡೆ ಗುಂಡಿ. ಒಂದು ಕಾಲು ಒಳಗೆ ಹೋಯಿತು, ಇನ್ನೊಂದು ಕಾಲು ಎತ್ತಿದೆ, ಅಷ್ಟೇ, ನದಿ ನನ್ನನ್ನು ಎತ್ತಿಕೊಂಡಿತು. ಸುಮಾರು ಐವತ್ತು ಅಡಿ ಹೋಗಿರಬಹುದು. ಒಂದು ಬಾಗಿದ ಮರದ ಕಡೆಗೇ ಹೋಗುತ್ತಿದ್ದೆ, ಸಿಕ್ಕಿತು ಅಂತ ಹಿಡಿಯಲು ಕೈ ಚಾಚಿದೆ, ಆದರೆ ನೀರು ನನ್ನನ್ನು ಅದಕ್ಕಿಂತ ಮೊದಲೇ ಒಳತಿರುವಿಗೆ ತಳ್ಳಿತು. ಆ ಮರ ಸಿಗದೇ ಇದ್ದದ್ದೇ ನನ್ನ ಪುಣ್ಯ ಅಂತ ಆಮೇಲೆ ಗೊತ್ತಾಯಿತು. ನೀರು ಕೊಂಬೆಗಳ ನಡುವೆ ನುಸುಳಿ ಹೋಗುತ್ತದೆ, ಮನುಷ್ಯ ಹೋಗುವುದಿಲ್ಲ, ಜರಡಿಯಲ್ಲಿ ಉಳಿದ ಹಾಗೆ ಅಲ್ಲೇ ಒತ್ತಿ ಹಿಡಿದುಬಿಡುತ್ತದೆ.

ರಭಸದಿಂದ ಹರಿಯುವ ನೀರು ಬರೀ 15 ಸೆಂಟಿಮೀಟರ್ ಇದ್ದರೂ ಬೆಳೆದ ಮನುಷ್ಯನನ್ನು ಬೀಳಿಸಬಲ್ಲದು. ಹಾಗಾಗಿ ನಾನು ಬಗ್ಗಡದಲ್ಲಿ ಇಳಿಯುವುದಿಲ್ಲ, ಚರ್ಚೆಯೇ ಇಲ್ಲ. ದಡದ ಅಂಚಿನಲ್ಲೂ ನಿಲ್ಲುವುದಿಲ್ಲ, ಕೆಳಗೆ ನೀರು ಕೊರೆದಿರುತ್ತದೆ, ಮೇಲೆ ಹುಲ್ಲು ಮಾತ್ರ ಇರುತ್ತದೆ. ಉಬ್ಬುವ ಜಾಕೆಟ್ಟು ಹಾಕಿಕೊಳ್ಳಿ, ವೇಡರ್ (ನೀರಿಗಿಳಿಯಲು ಹಾಕುವ, ನೀರು ಒಳಗೆ ಬಿಡದ ಉಡುಪು) ಹಾಕಿದ್ದರೆ ಸೊಂಟದ ಬೆಲ್ಟು ಬಿಗಿಯಾಗಿರಲಿ. ಬಿದ್ದೇಬಿಟ್ಟರೆ ಅಂಗಾತ ಮಲಗಿ, ಕಾಲು ಕೆಳಹರಿವಿನ ಕಡೆ ಮುಂದಿಟ್ಟು, ಓರೆಯಾಗಿ ದಡಕ್ಕೆ ಕೈಬೀಸಿ. ನದಿಯ ನಡುವೆ ಎದ್ದು ನಿಲ್ಲಲು ಹೋಗಬೇಡಿ, ಪಾದ ಕಲ್ಲಿನ ಸಂದಿಗೆ ಸಿಕ್ಕಿದರೆ ಮುಗಿಯಿತು. ರಾಡು ಬಿಟ್ಟುಬಿಡಿ. ನಾನು ಬಿಡಲಿಲ್ಲ, ಹುಚ್ಚ.

ಮತ್ತೆ ಮೇಲಿನಿಂದ ನೀರು ಬರುವ ಸೂಚನೆ. ಇದ್ದಕ್ಕಿದ್ದಂತೆ ಎಲೆ ಕಡ್ಡಿ ಜಾಸ್ತಿ ತೇಲಿಬಂದರೆ, ಬಣ್ಣ ಬದಲಾದರೆ, ತಳದಲ್ಲಿ ಕಲ್ಲು ಉರುಳುವ ಗುಡುಗುಡು ಕೇಳಿದರೆ ಎದ್ದು ಹೊರಡಿ. ನಿಮ್ಮ ತಲೆಯ ಮೇಲೆ ಬಿಸಿಲಿರಬಹುದು, ಮಳೆ ಬೆಟ್ಟದ ಮೇಲೆ ಬಿದ್ದಿರುತ್ತದೆ. ದಡದಲ್ಲಿ ನೀರಿನ ಮಟ್ಟಕ್ಕೆ ಒಂದು ಕಡ್ಡಿ ಚುಚ್ಚಿಟ್ಟು ಆಗಾಗ ನೋಡುತ್ತಿರಿ.

ಮುಳುಗಿದ ಬೆಂಡು

ಓದಿ ಬೆವರು ಬಂತು. ನಾನು ಒಬ್ಬನೇ ಇದ್ದೆ ಆವತ್ತು. ಇನ್ನು ಇಳಿಯುವುದಿಲ್ಲ.

ಬೆಟ್ಟದ ಹಳ್ಳ

ಒಂದೇ ಜಾಗಕ್ಕೆ ಅಂಟಿಕೊಳ್ಳುವುದು ಯಾಕೆ? ನದಿ ಬಗ್ಗಡ ಅಂದರೆ ಎಲ್ಲ ಕಡೆಯೂ ಬಗ್ಗಡ ಅಂತ ಅರ್ಥ ಅಲ್ಲ. ಮೇಲಿನ ಸಣ್ಣ ಹಳ್ಳಗಳು ಮೊದಲು ಏರುತ್ತವೆ, ಮೊದಲು ತಿಳಿಯಾಗುತ್ತವೆ. ಕೆಳಗಿನ ದೊಡ್ಡ ನದಿ ತಿಳಿಯಾಗಲು ದಿನಗಟ್ಟಲೆ ಬೇಕಾದಾಗ ಮೇಲಿನ ಹಳ್ಳದಲ್ಲಿ ಮರುದಿನವೇ ಮೀನು ಹಿಡಿಯಬಹುದು. ದೊಡ್ಡ ಅಣೆಕಟ್ಟಿನ ಕೆಳಗೂ ನೀರು ತಿಳಿಯಾಗಿರುತ್ತದೆ, ಕೆಸರು ಹಿನ್ನೀರಲ್ಲೇ ತಳಕ್ಕೆ ಇಳಿದಿರುತ್ತದೆ. ಅಲ್ಲಿ ಗೇಟು ತೆಗೆಯುವ ಸೈರನ್ ಮಾತ್ರ ಕಿವಿಯಲ್ಲಿರಲಿ.

ನನ್ನ ಇಷ್ಟದ ಜಾಗ, ತಿಳಿ ಹಳ್ಳ ಬಂದು ಬಗ್ಗಡ ನದಿಗೆ ಸೇರುವ ಕೂಡು. ಎರಡು ಬಣ್ಣದ ನೀರು ಸ್ವಲ್ಪ ದೂರ ಪಕ್ಕಪಕ್ಕದಲ್ಲೇ ಹರಿಯುತ್ತವೆ, ನಡುವೆ ಗೆರೆ ಎಳೆದ ಹಾಗೆ. ಮೀನು ಕೆಸರಿನ ಕಡೆ ನಿಂತು ತಿಳಿಯ ಕಡೆ ಮುಖ ಮಾಡಿರುತ್ತದೆ.

ಹಿಮ ಕರಗುವ ಕಾಲದಲ್ಲಾದರೆ ಗಡಿಯಾರ ನೋಡಿ. ಮಧ್ಯಾಹ್ನದ ಬಿಸಿಲಿಗೆ ಕರಗಿದ ನೀರು ಕೆಳಗೆ ಬರುವಷ್ಟರಲ್ಲಿ ಸಂಜೆ, ರಾತ್ರಿ. ಬೆಳಿಗ್ಗೆ ನದಿ ತಗ್ಗಿರುತ್ತದೆ, ತಿಳಿಯಾಗಿರುತ್ತದೆ. ಆದರೆ ಬೆಳಿಗ್ಗೆ ನೀರು ಕೊರೆಯುತ್ತದೆ, ಮೀನು ಸೋಮಾರಿ. ಆ ಎರಡರ ನಡುವೆ, ಬೆಳಗಿನ ಹತ್ತರಿಂದ ಮಧ್ಯಾಹ್ನ ನೀರು ಏರುವವರೆಗೆ ನನಗೆ ಸರಿಹೋಗಿದೆ.

ಮುಳುಗಿದ ಬೆಂಡು

ವರದಿ ಒಪ್ಪಿಸುತ್ತಿದ್ದೇನೆ. ನಿನ್ನೆ ಹೋಗಿದ್ದೆ, ನಾಲ್ಕನೇ ಶನಿವಾರ. ನೀರು ಇಳಿಮುಖ, 12 ಡಿಗ್ರಿ, ಬೂಟು ಒಂದು ಮೊಳಕ್ಕೆ ಸ್ವಲ್ಪ ಮೊದಲು ಮಾಯ. ಹಳೇ ಮಡುವಿಗೇ ಹೋದೆ, ಆದರೆ ದಡದಿಂದ ಹಿಂದೆ, ಬಗ್ಗಿ. ಕಪ್ಪು ವೂಲಿ ಬಗ್ಗರ್ 6ನೇ ನಂಬರು, ಟಂಗ್‌ಸ್ಟನ್ ಮಣಿ, 1ಎಕ್ಸ್.

ಮೊದಲ ಅರ್ಧ ಗಂಟೆ ಏನೂ ಇಲ್ಲ. ಕೈ ತಾನಾಗಿ ನಡುನೀರಿಗೆ ಎಸೆಯುತ್ತಿತ್ತು, ಬೈದುಕೊಂಡು ವಾಪಸ್ ತಂದೆ. ಆಮೇಲೆ ಆ ಮುಳುಗಿದ ಕಲ್ಲಿನ ಪಕ್ಕ, ಹೋದ ವಾರ ನಾನು ನಿಂತಿದ್ದ ಜಾಗವೇ, ಸರಿಯಾಗಿ ಅಲ್ಲಿಗೆ, ಎಂಟೋ ಒಂಬತ್ತೋ ಸಲ ಬಿಟ್ಟೆ. ದಾರ ನಿಂತುಹೋಯಿತು. ತಳಕ್ಕೆ ಸಿಕ್ಕಿಕೊಂಡಿತು ಅಂತ ಎತ್ತಿದರೆ ತಳ ಅಲ್ಲಾಡಿತು!

ಬ್ರೌನ್ ಟ್ರೌಟ್, ನನ್ನ ಮೊಣಕೈಯಿಂದ ಮಣಿಕಟ್ಟಿನವರೆಗಿನ ಉದ್ದ. ಕೈ ನಡುಗುತ್ತಿತ್ತು. ಮೀನು ಜೋರು ನೀರಿಗೆ ಓಡಿತು, ಹೇಗೋ ತಂದೆ, ಬಿಟ್ಟೆ. ಆಮೇಲೆ ಇನ್ನೊಂದು ಕಚ್ಚಿ ಬಿಟ್ಟುಹೋಯಿತು. ಅಷ್ಟೇ ಇಡೀ ದಿನಕ್ಕೆ. ಗೆಳೆಯ ನಡುಮಡುವಿಗೇ ಎಸೆಯುತ್ತಿದ್ದ, ಅವನಿಗೆ ಎಲೆ.

ಒಂದು ಅನುಮಾನ. ಮೀನು ಸೆಳವಿಗೆ ಇಳಿದಾಗ ಹಿಂದೆ ಓಡಬೇಕಾ, ನಿಲ್ಲಿಸಬೇಕಾ?

ತಂಗೂಸಿ

ಶಭಾಷ್! ಜಾರುವ ದಡದಲ್ಲಿ ಮೀನಿನ ಹಿಂದೆ ಓಡಬೇಡಿ. ರಾಡನ್ನು ಮೇಲಕ್ಕಲ್ಲ, ದಡದ ಕಡೆಗೆ ಅಡ್ಡಲಾಗಿ ಬಾಗಿಸಿ ಹಿಡಿಯಿರಿ, ಅದರ ತಲೆ ತಿರುಗುತ್ತದೆ, ತಾನೇ ಬದಿಯ ನಿಧಾನ ನೀರಿಗೆ ಬರುತ್ತದೆ. ದಪ್ಪ ದಾರ ಕಟ್ಟಿಸಿದ್ದು ಇದಕ್ಕೇ. ಎಸೆಯುವ ಮೊದಲೇ ಎಲ್ಲಿ ಬಲೆಗೆ ಹಾಕಿಕೊಳ್ಳುವುದು ಅಂತ ನೋಡಿಟ್ಟುಕೊಳ್ಳಿ. ಉದ್ದ ಹಿಡಿಯ ಬಲೆ ಇದ್ದರೆ ಅಂಚಿಗೆ ಹೋಗುವುದೂ ತಪ್ಪುತ್ತದೆ.

ಬಿಡುವ ಮೀನನ್ನು ಬೇಗ ಬಿಡಿ, ಕೆಸರಿನ ಕಣಗಳಿಂದ ಕಿವಿರಿಗೆ ಮೊದಲೇ ತ್ರಾಸು. ನೀರು 20 ಡಿಗ್ರಿ ದಾಟಿದ್ದರೆ ಆವತ್ತು ಟ್ರೌಟ್ ಹಿಡಿಯಲೇ ಹೋಗಬೇಡಿ.

ಮುಳುಗಿದ ಬೆಂಡು

ಸರಿ. ಇವತ್ತು ಬೆಳಿಗ್ಗೆ ಆಸೆ ತಡೆಯದೆ ಮತ್ತೆ ಹೋಗಿದ್ದೆ. ರಾತ್ರಿ ಮಳೆ ಬಂದಿತ್ತು. ಬೂಟು ಇಳಿಸಿದೆ, ಪಾದ ಮುಳುಗುವ ಮೊದಲೇ ಮಾಯ. ಕಡ್ಡಿ ಚುಚ್ಚಿ ಹತ್ತು ನಿಮಿಷ ಕೂತೆ, ಕಡ್ಡಿ ಮುಳುಗಿತು. ರಾಡು ಬಿಚ್ಚದೆ ವಾಪಸ್ ಬಂದೆ.

ಹಳೇ ಗಾಳ

ಬುಧವಾರದ ಹೊತ್ತಿಗೆ ಇಳಿಯಬಹುದು. ನೋಡಿ, ಹೇಳಿ.